ಬೂಸಾ ಅಂಗಡಿಯವರು ಮತ್ತು ನಮ್ಮ ಟಾಫಿಯ ಸೊಂಟ

ಕಳೆದ ವಾರ ನನ್ನ ಮೊಣಕಾಲು ನೋವಿಗೆ ಡಾಕ್ಟರು ಎರಡು ಔಷಧಿ ಬರೆದುಕೊಟ್ಟರು. ಒಂದು ಮಾತ್ರೆಯ ಪಟ್ಟಿ, ಒಂದು ಕ್ಯಾಪ್ಸೂಲಿನ ಡಬ್ಬಿ. ಮನೆಗೆ ತಂದು ಊಟದ ಮೇಜಿನ ಮೇಲಿಟ್ಟು, ಕನ್ನಡಕ ಏರಿಸಿಕೊಂಡು ಪಟ್ಟಿಯ ಹಿಂದಿನ ಇರುವೆ ಸಾಲಿನಂಥ ಅಕ್ಷರ ಓದಿದೆ. ಗ್ಲುಕೋಸಮೈನ್... ಆಮೇಲೆ ಡಬ್ಬಿಯ ಮುಚ್ಚಳ ತಿರುಗಿಸಿದೆ. ಮೀನೆಣ್ಣೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. "ಅರೆ, ಟಾಫಿಯ ಔಷಧಿ" ಅಂದುಬಿಟ್ಟೆ. ಟಾಫಿ ನಮ್ಮನೆಯಲ್ಲಿದ್ದ ನಾಯಿ.

ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತಿ, "ಹಾಗಾದರೆ ನಿನ್ನನ್ನೂ ಮೂಟೆ ತಕ್ಕಡಿ ಮೇಲೆ ನಿಲ್ಲಿಸಬೇಕು" ಅಂದರು. ಇಬ್ಬರೂ ನಕ್ಕೆವು. ಆ ತಕ್ಕಡಿ ಈಗಿಲ್ಲ. ತೂಗುತ್ತಿದ್ದವರೂ ಇಲ್ಲ.

ನಜರ್‌ಬಾದಿನಲ್ಲಿ ನಮ್ಮ ಮನೆಯಿಂದ ಎರಡು ತಿರುವು ದಾಟಿದರೆ ಅವರ ಅಂಗಡಿ. ಅವರ ಹೆಸರನ್ನು ನಾನು ಒಂದು ಸಲವೂ ಕರೆದವಳಲ್ಲ. ಎಲ್ಲರಿಗೂ ಅವರು ಬೂಸಾ ಅಂಗಡಿಯವರು, ನನಗೂ ಅಷ್ಟೆ. ಒಂದೊಂದಾಗಿ ತೆಗೆದಿಡುವ, ನಂಬರು ಬರೆದ ಹಲಗೆಗಳ ಬಾಗಿಲು, ಕಡಪ ಕಲ್ಲಿನ ನೆಲ, ಒಳಗೆ ಬಾಯಿ ಬಿಚ್ಚಿ ನಿಲ್ಲಿಸಿದ ಚೀಲಗಳಲ್ಲಿ ಗೋಧಿ ಬೂಸಾ, ಕಡಲೆಕಾಯಿ ಹಿಂಡಿ, ಹುರುಳಿ. ಗೋಡೆಯ ಪಕ್ಕ ಮೂಟೆ ತೂಗುವ ಹಲಗೆ ತಕ್ಕಡಿ. ಹಿಂದಿನ ಕಪಾಟಿನಲ್ಲಿ ಹಸುಗಳಿಗೆ ಕೊಡುವ ಖನಿಜದ ಪುಡಿ, ಕ್ಯಾಲ್ಸಿಯಂ ಕ್ಯಾನು, ಆಮೇಲಾಮೇಲೆ ನಾಯಿಗಳಿಗೆ ಬೇಕಾದ ಡಬ್ಬಿಗಳು. ಅವರ ತಂದೆಯ ಕಾಲದಿಂದ ಟಾಂಗಾ ಕುದುರೆಗಳಿಗೆ ಹುರುಳಿ ಹೋಗುತ್ತಿದ್ದದ್ದು ಅಲ್ಲಿಂದಲೇ. ಟಾಂಗಾಗಳು ಕಡಿಮೆಯಾದವು, ಹಸು ಕಟ್ಟುವವರು ಊರಾಚೆಗೆ ಹೋದರು. ನಾಯಿ ಸಾಕುವವರು ಹೆಚ್ಚಾದರು, ಕಪಾಟಿನಲ್ಲಿ ಡಬ್ಬಿಗಳು ಹೆಚ್ಚಾದವು. ಅವರು ಮಾತ್ರ ಅದೇ ಬಿಳಿ ಬನಿಯನ್ನು, ಅದೇ ಪಂಚೆ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಕಿವಿಯ ಮೇಲೆ ಸದಾ ಒಂದು ತುಂಡು ಸೀಮೆಸುಣ್ಣ.

ಟಾಫಿ ನಮ್ಮ ಮನೆಗೆ ಬಂದಾಗ ಎರಡು ತಿಂಗಳ ಮರಿ. ಲ್ಯಾಬ್ರಡಾರ್. ಯಜಮಾನರ ಆಫೀಸಿನವರೊಬ್ಬರ ಮನೆಯ ನಾಯಿ ಮರಿ ಹಾಕಿತ್ತು. ಪಾರ್ಲೆಯ ಹಳದಿ ಚಾಕಲೇಟಿನ ಬಣ್ಣ ಅಂತ ನಾನೇ ಹೆಸರಿಟ್ಟೆ. ನಮ್ಮ ಅತ್ತೆಯ ಬಾಯಲ್ಲಿ ಅವನು ಕೊನೆಯವರೆಗೂ 'ಟಾಪಿ'. ಅತ್ತೆಯ ತವರಿನವರು ಅರಮನೆಯ ಕಚೇರಿಯಲ್ಲಿ ಬರಹದ ಕೆಲಸದಲ್ಲಿದ್ದವರು, ಮಡಿ ಹುಡಿ ಬಿಡದವರು. ನಾಯಿ ನಡುಮನೆ ದಾಟಕೂಡದು ಅಂದಿದ್ದರು. ಒಂದೇ ತಿಂಗಳಲ್ಲಿ ಅವರೇ ದೇವರ ಮನೆಯ ಹೊಸಿಲ ತನಕ ಬಿಟ್ಟುಕೊಂಡರು. ಹೊಸಿಲ ಈಚೆ ಅವನು ಮುಂಗಾಲು ಜೋಡಿಸಿ ಕೂರುತ್ತಿದ್ದ, ಮಂಗಳಾರತಿ ಮುಗಿಯುವವರೆಗೆ.

ಮರಿ ಸರಸರನೆ ಬೆಳೆಯಿತು. ಇಷ್ಟು ದೊಡ್ಡ ಮೈಗೆ ಮೂಳೆ ಗಟ್ಟಿಯಿರಬೇಕಲ್ಲವೇ ಅಂತ ನನಗೆ ಅನ್ನಿಸಿತು. ಯಾರೂ ಹೇಳಿದ್ದಲ್ಲ, ಡಾಕ್ಟರನ್ನು ಕೇಳಿದ್ದೂ ಅಲ್ಲ. ಬೂಸಾ ಅಂಗಡಿಗೆ ಹೋಗಿ, "ನಾಯಿಗೆ ಕೊಡೋ ಕ್ಯಾಲ್ಸಿಯಂ ಇದೆಯಾ?" ಅಂದೆ. ಅಂದು ಅಂಗಡಿ ತುಂಬ ಜನ. ಅವರು ತಿರುಗಿ ನೋಡದೆ ಕಪಾಟಿನಿಂದ ಒಂದು ದೊಡ್ಡ ಸೀಸೆ ತೆಗೆದುಕೊಟ್ಟರು. ಸುಣ್ಣದ ತಿಳಿಯಂಥ ಬಿಳೀ ದ್ರವ. ನಾನು ದಿನಕ್ಕೆರಡು ಸಲ ಹಾಲಿನಲ್ಲಿ ಬೆರೆಸಿ ಕುಡಿಸಿದೆ, ಚಮಚ ತುಂಬಿ ತುಳುಕುವಂತೆ. ಸೀಸೆ ಮುಗಿದರೆ ಇನ್ನೊಂದು. ನಾಲ್ಕೈದು ತಿಂಗಳು...

ಒಂದು ವರ್ಷವಾಗುವ ಹೊತ್ತಿಗೆ ಅವನು ಓಡುವಾಗ ಹಿಂಗಾಲು ಎರಡನ್ನೂ ಒಟ್ಟಿಗೆ ಎತ್ತಿ ಹಾಕತೊಡಗಿದ, ಮೊಲದ ಹಾಗೆ. ನಮಗೆ ಅದು ಚೆಂದ ಕಂಡಿತು. ಬಂದವರಿಗೆಲ್ಲ ಚೆಂಡು ಎಸೆದು ತೋರಿಸಿದೆವು. "ನೋಡಿ, ನಮ್ಮ ಮೊಲ" ಅಂತ. ಈಗ ನೆನೆದರೆ ನಾಚಿಕೆಯಾಗುತ್ತದೆ, ಅದು ನೋವಿನ ಓಟ ಅಂತ ನಮಗೆ ಗೊತ್ತಿರಲಿಲ್ಲ.

ಎರಡು ವರ್ಷಕ್ಕೆ ಓಟವೇ ನಿಂತಿತು. ಬೆಳಿಗ್ಗೆ ಏಳುವಾಗ ಮುಂಗಾಲಿನ ಮೇಲೆ ಎದ್ದು, ಹಿಂದಿನ ಮೈಯನ್ನು ಎಳೆದುಕೊಳ್ಳುವಾಗ ಒಂದು ಸಣ್ಣ ಕೂಗು. ನಮ್ಮ ಮನೆಗೆ ಬೀದಿಯಿಂದ ಜಗಲಿಗೆ ಐದು ಕಲ್ಲು ಮೆಟ್ಟಿಲು. ಮೊದಲನೆಯ ಮೆಟ್ಟಿಲಿನ ಹತ್ತಿರ ನಿಂತು ಅವನು ನನ್ನ ಮುಖ ನೋಡುತ್ತಿದ್ದ. ನಲವತ್ತು ಕೆಜಿ ಮೀರಿದ ನಾಯಿ. ಯಜಮಾನರು ಬೆಡ್‌ಶೀಟನ್ನು ಅವನ ಹೊಟ್ಟೆಯ ಅಡಿ ಹಾಕಿ ಎತ್ತಿ ಹತ್ತಿಸುತ್ತಿದ್ದರು.

ಪಶುವೈದ್ಯೆ ಚಿಕ್ಕ ವಯಸ್ಸಿನವರು, ಸಮಾಧಾನದ ಹೆಣ್ಣುಮಗಳು. ಎಕ್ಸ್-ರೇ ತೆಗೆಸಿ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಒಂದು ಕೈಯನ್ನು ಬಟ್ಟಲು ಮಾಡಿ, ಇನ್ನೊಂದು ಕೈಯ ಮುಷ್ಟಿಯನ್ನು ಅದರೊಳಗಿಟ್ಟು, "ತೊಡೆ ಮೂಳೆ ಹೀಗೆ ಕೂರಬೇಕು. ಇವನಿಗೆ ಬಟ್ಟಲು ಆಳ ಇಲ್ಲ, ಚೆಂಡು ಜಾರುತ್ತೆ" ಅಂದರು. ಆಪರೇಷನ್ ಉಂಟು, ಬೆಂಗಳೂರಿಗೆ ಹೋಗಬೇಕು, ಆದರೆ ಈ ತೂಕದಲ್ಲಿ ಬೇಡ ಅಂದರು. ಮೊದಲು ಹತ್ತು ಕೆಜಿಯಾದರೂ ಇಳಿಸಿ. ಕೀಲಿನ ಮಾತ್ರೆ, ಮೀನೆಣ್ಣೆ ಶುರು ಮಾಡೋಣ. ನೋವು ಹೆಚ್ಚಾದ ದಿನ ಮಾತ್ರ ಈ ಗುಳಿಗೆ, ಮನುಷ್ಯರ ನೋವಿನ ಗುಳಿಗೆ ಅಪ್ಪಿತಪ್ಪಿಯೂ ಕೊಡಬೇಡಿ. ಮೂರು ತಿಂಗಳು ನೋಡೋಣ.

ಮನೆಗೆ ಬರುವಾಗ ಕಾರಿನಲ್ಲಿ ಯಜಮಾನರು, "ಮೂರು ತಿಂಗಳಾದ ಮೇಲೂ ಹೀಗೇ ಕೂಗ್ತಾ ಇದ್ದರೆ, ಆಪರೇಷನ್ ಮಾಡಿಸೋ ಶಕ್ತಿ ನಮಗಿಲ್ಲ. ನರಳೋದನ್ನ ನೋಡ್ತಾ ಕೂರೋಕೂ ಆಗಲ್ಲ. ಪುಟ್ ಟು ಸ್ಲೀಪ್ ಬಗ್ಗೆ ಯೋಚನೆ ಮಾಡಬೇಕಾಗುತ್ತೆ" ಅಂದರು. ಸೂಜಿ ಹಾಕಿಸಿ ಸಾಯಿಸುವುದು ಅಂತ ಕನ್ನಡದಲ್ಲಿ ಹೇಳಲು ಅವರಿಗೆ ಬಾಯಿ ಬರಲಿಲ್ಲ ಅಂತ ಕಾಣುತ್ತದೆ. ಅವರು ಕೆಟ್ಟವರಲ್ಲ. ದಿನಾ ಬೆಡ್‌ಶೀಟಿನಲ್ಲಿ ಎತ್ತುತ್ತಿದ್ದವರು ಅವರೇ.

ಡಾಕ್ಟರ ಚೀಟಿ ಹಿಡಿದು ಟಾಫಿಯನ್ನು ಮೆಲ್ಲಗೆ ನಡೆಸಿಕೊಂಡು ಬೂಸಾ ಅಂಗಡಿಗೆ ಹೋದೆ. ಅವರು ಚೀಟಿ ಓದಲೇ ಇಲ್ಲ. "ಈ ಕಡೆಯಿಂದ ಆ ಕಡೆಗೆ ಒಂದ್ಸಲ ನಡೆಸಿ ತಾಯಿ" ಅಂದು ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು. ನನಗೆ ಅರ್ಥವಾಗಲಿಲ್ಲ. ನಡೆಸಿದೆ. ಕಡಪ ಕಲ್ಲಿನ ಮೇಲೆ ಟಾಫಿಯ ಉಗುರಿನ ಸದ್ದು. ಟಕ್ ಟಕ್ ಟಕ್... ಸರ್. ಟಕ್ ಟಕ್ ಟಕ್... ಸರ್.

"ಎಡಗಡೆ ಜಾಸ್ತಿ" ಅಂದರು ಕಣ್ಣು ಮುಚ್ಚಿಕೊಂಡೇ. "ಎಳೀತಾನೆ ಅದನ್ನ."

ಎಕ್ಸ್-ರೇಯಲ್ಲೂ ಎಡಗಡೆಯೇ ಹೆಚ್ಚಿತ್ತು. ನಿಮಗೆ ಹೇಗೆ ಗೊತ್ತಾಯಿತು ಅಂದೆ. ಟಾಂಗಾ ಕುದುರೆ ಕೊಳ್ಳುವಾಗ ಅವರ ತಂದೆಯನ್ನು ಕರೆದುಕೊಂಡು ಹೋಗುತ್ತಿದ್ದರಂತೆ. ಮಾರುವವನು ಕುದುರೆಯ ಮೈ ಉಜ್ಜಿ, ಕೊರಳಿಗೆ ಮಣಿ ಕಟ್ಟಿ ಕಣ್ಣಿಗೆ ಮೋಸ ಮಾಡಿಯಾನು, ಕಿವಿಗೆ ಮಾಡಲಾರ. ಹಾಗಾಗಿ ಕಣ್ಣು ಮುಚ್ಚಿ ಕೇಳುವುದು ಅವರ ಮನೆಯ ಪದ್ಧತಿ.

ಆಮೇಲೆ ಟಾಫಿಯನ್ನು ಮೂಟೆ ತಕ್ಕಡಿಯ ಹಲಗೆಯ ಮೇಲೆ ಕೂರಿಸಿದರು. ನಲವತ್ತಮೂರೂವರೆ. ಕಿವಿಯ ಮೇಲಿಂದ ಸೀಮೆಸುಣ್ಣ ತೆಗೆದು ಹಲಗೆ ಬಾಗಿಲಿನ ಏಳನೇ ಹಲಗೆಯ ಒಳಮೈಯಲ್ಲಿ ಬರೆದರು.

"ಮಾತ್ರೆ ಕೊಡ್ತೀನಿ, ಎಣ್ಣೇನೂ ಕೊಡ್ತೀನಿ" ಅಂದರು. "ಆದ್ರೆ ಒಂದು ಮಾತು. ಇದು ಕೀಲಿಗೆ ಎಣ್ಣೆ ಬುಟ್ಟಂಗೆ ಅಷ್ಟೇಯ. ಗಾಡಿ ಮೇಲೆ ಎರಡು ಗಾಡಿ ಹೊರೆ ಹೇರಿ ಅಚ್ಚಿಗೆ ಎಣ್ಣೆ ಬುಟ್ರೆ ಏನು ಬಂತು? ಮೊದ್ಲು ಹೊರೆ ಇಳಿಸಿ. ಎಣ್ಣೆ ತನ್ನಷ್ಟಕ್ಕೆ ಕೆಲ್ಸ ಮಾಡ್ತದೆ. ಮಾಡದೇನೂ ಇರಬೌದು, ಎಲ್ಲಾ ನಾಯಿಗೂ ಒಂದೇ ಅಲ್ಲ. ಆರು ವಾರ, ಎಂಟು ವಾರ ಕಾಯ್ಬೇಕು."

ಔಷಧಿ ಮಾರುವವರು ಹೀಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಒಂದು ತಗಡಿನ ಅಳತೆ ಬಟ್ಟಲು ಕೊಟ್ಟರು, ಆಹಾರ ಅಳೆಯಲು. ಬೆರಳಿನಿಂದ ಅಂಚಿಗೆ ಸಮ ಮಾಡಿ ತೋರಿಸಿದರು. "ಇಷ್ಟು. ಗೋಪುರ ಕಟ್ಟಂಗಿಲ್ಲ." ಮೀನೆಣ್ಣೆ ಮೊದಲ ವಾರ ಅರ್ಧ ಅಳತೆ, ಇಲ್ಲವಾದರೆ ಭೇದಿ. ದಿನಾ ಎರಡು ಸಲ ನಿಧಾನದ ನಡಿಗೆ, ಚೆಂಡು ಎಸೆಯುವುದು ಬಂದ್. ಹೊರಡುವಾಗ, "ಮನೇಲಿ ನೆಲ ಯಾವುದು?" ಅಂದರು. ಕೆಂಪು ಗಾರೆ ನೆಲ, ಅತ್ತೆ ವಾರಕ್ಕೊಮ್ಮೆ ತೆಂಗಿನೆಣ್ಣೆ ಹಾಕಿ ಉಜ್ಜಿಸುತ್ತಾರೆ, ಮುಖ ಕಾಣುತ್ತದೆ ಅಂದೆ. ಅವರು ಹಣೆ ಹಣೆ ಬಡಿದುಕೊಂಡು ಹತ್ತು ಖಾಲಿ ಗೋಣಿಚೀಲ ಕಟ್ಟಿಕೊಟ್ಟರು. ಜಾರುವ ನೆಲದಲ್ಲಿ ಸಡಿಲ ಸೊಂಟದ ನಾಯಿ ಏಳುವುದು ಹೇಗೆ?

ಮನೆಯಲ್ಲಿ ನಡುಮನೆಯಿಂದ ಹಿತ್ತಿಲವರೆಗೆ ಗೋಣಿಚೀಲದ ದಾರಿ ಹಾಸಿದೆ. ಅತ್ತೆ ನೋಡಿ, "ಏನೇ ಇದು, ಮಂಡಿಪೇಟೆ ಮಾಡಿಟ್ಟಿದ್ದೀಯಲ್ಲ ಮನೇನ" ಅಂದರು. ಮೀನೆಣ್ಣೆಯ ಡಬ್ಬಿಯನ್ನು ಅವರು ಹೊಸಿಲು ದಾಟಲು ಬಿಡಲಿಲ್ಲ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಗೋಡೆಯ ಗೂಡು. ಮೊದಲು ಅಲ್ಲಿ ಸೋಪು ಇಡುತ್ತಿದ್ದೆವು, ಅದು ಡಬ್ಬಿಯ ಜಾಗವಾಯಿತು. ಟಾಫಿಗೆ ಎಣ್ಣೆ ಕುಡಿಸಿ ನಾನು ಕೈಯನ್ನು ಸೀಗೆಪುಡಿ ಹಾಕಿ ತೊಳೆದು ಅತ್ತೆಗೆ ಮೂಸಿ ನೋಡಲು ಕೊಡಬೇಕು. ಅವರು ಮೂಸಿ, "ಹ್ಞೂಂ" ಅಂದರೆ ಅಡಿಗೆಮನೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಂಚಿನ ಗೆರೆ ಎಳೆಯದೆ ಏನೂ ಬರೆಯಬಾರದು ಅಂತ ಸಿಸ್ಟರ್ ಕಲಿಸಿದ್ದು ಇನ್ನೂ ಬಿಟ್ಟಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ದಿನಾ ಬರೆದೆ. ಬೆಳಿಗ್ಗೆ ಎಷ್ಟು ಬಟ್ಟಲು, ಎಷ್ಟು ಹೊತ್ತು ನಡಿಗೆ, ಎದ್ದಾಗ ಕೂಗಿದನೋ ಇಲ್ಲವೋ. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ತೂಕ. ಮೊದಲ ಸಲ ನಲವತ್ತಮೂರು. ಅವರು ತಲೆಯಾಡಿಸಿದರು. ಎರಡನೇ ಸಲ ನಲವತ್ತಮೂರೂ ಕಾಲು.

ಒಂದು ತಿಂಗಳು ಹೋಗಿಬಿಟ್ಟಿತ್ತು. ನನಗೆ ಅಂಗಡಿಯಲ್ಲೇ ಕಣ್ಣು ತುಂಬಿತು. ನೋಟ್‌ಬುಕ್ ತೆಗೆದು ತೋರಿಸಿದೆ, ಒಂದು ದಿನವೂ ಅಳತೆ ತಪ್ಪಿಲ್ಲ. ಅವರು ಪುಟ ತಿರುವಿ, "ಬರವಣಿಗೆ ಮುತ್ತು ಪೋಣಿಸಿದಂಗದೆ" ಅಂದು ಕೊಟ್ಟುಬಿಟ್ಟು, ಟಾಫಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಅವನ ಬಾಯಿ ಅಗಲಿಸಿ ಮೂಗು ಹತ್ತಿರ ಒಯ್ದರು. ಒಂದು ಕ್ಷಣ, ಎರಡು ಕ್ಷಣ.

"ತುಪ್ಪ. ಏಲಕ್ಕಿ" ಅಂದರು. "ಇವತ್ತು ಶುಕ್ರವಾರ ಅಲ್ವ್ರಾ? ಮನೇಲಿ ಪೂಜೆ ಯಾರು ಮಾಡೋದು?"

ಅತ್ತೆ ದಿನಾ ನೈವೇದ್ಯ ಮಾಡುತ್ತಾರೆ. ಶುಕ್ರವಾರ ಸಜ್ಜಿಗೆ, ಶನಿವಾರ ಹುಗ್ಗಿ, ಸೋಮವಾರ ಮೊಸರನ್ನ. ಪೂಜೆ ಮುಗಿದ ಮೇಲೆ ಹೊಸಿಲ ಈಚೆ ಮುಂಗಾಲು ಜೋಡಿಸಿ ಕೂತವನಿಗೆ ಒಂದು ಪಾಲು. ಇದು ನನಗೆ ಗೊತ್ತೇ ಇತ್ತು. ದಿನಾ ಕಣ್ಣೆದುರು ನಡೆಯುತ್ತಿತ್ತು. ಆದರೆ ನೋಟ್‌ಬುಕ್ಕಿನಲ್ಲಿ ಅದನ್ನು ಬರೆಯಬೇಕು ಅಂತ ನನಗೆ ಹೊಳೆದಿರಲಿಲ್ಲ. ಅದು ಪ್ರಸಾದ. ನಮ್ಮ ಮನೆಗಳಲ್ಲಿ ಪ್ರಸಾದ ಊಟದ ಲೆಕ್ಕಕ್ಕೆ ಬರುವುದಿಲ್ಲ, ಉಪವಾಸದ ದಿನವೂ ತಿನ್ನುತ್ತೇವೆ. ಎಷ್ಟು ಕೊಡ್ತಾರೆ ಅಂದರು. ನಾನು ಕೈ ಬಟ್ಟಲು ಮಾಡಿ ತೋರಿಸಿದೆ. ಎರಡು ಕೈಯ ಬಟ್ಟಲು.

ಮನೆಗೆ ಬಂದು ಅತ್ತೆಗೆ ಹೇಳಿದೆ. "ದೇವರ ಪ್ರಸಾದ ತಿಂದು ಯಾರಾದ್ರೂ ದಪ್ಪ ಆಗಿರೋದನ್ನ ಕೇಳಿದ್ದೀಯೇನೇ? ಅದರ ಬಾಯಿಗೆ ಅಡ್ಡ ಕೈ ಇಡಬೇಡ, ಪಾಪ ಬರುತ್ತೆ" ಅಂದರು. ಸೊಸೆಯ ಮಾತು ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ಸಂಜೆ ಬೂಸಾ ಅಂಗಡಿಯವರೇ ಬಂದರು, ಬನಿಯನ್ನಿನ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಕೈಯಲ್ಲಿ ಇನ್ನೆರಡು ಗೋಣಿಚೀಲ. ಜಗಲಿಯಲ್ಲೇ ಕೂತರು. ಅತ್ತೆ ಬಾಗಿಲಿಗೆ ಒರಗಿ ನಿಂತರು.

"ಅಮ್ಮಾವ್ರೇ, ಒಂದು ಸಂದೇಹ" ಅಂದರು ಅವರು. "ದೇವಸ್ಥಾನದಲ್ಲಿ ಭಟ್ಟರು ಪ್ರಸಾದ ಎಷ್ಟು ಕೊಡ್ತಾರೆ ಕೈಗೆ?"

"ಒಂದು ಚಿಟಿಕೆ. ಕಣ್ಣಿಗೊತ್ತಿಕೊಳ್ಳೋವಷ್ಟು."

"ಅದಕ್ಕಿಂತ ಜಾಸ್ತಿ ಕೊಟ್ರೆ?"

"ಅದು ಊಟ" ಅಂದರು ಅತ್ತೆ.

"ಅಂಗಾದ್ರೆ ಈ ಯಪ್ಪ ದಿನಾ ಎರಡು ಊಟ ಮನೇಲಿ, ಒಂದು ಊಟ ದೇವಸ್ಥಾನದಲ್ಲಿ ಮಾಡ್ತಾವ್ನೆ ಬುಡಿ" ಅಂದು ಟಾಫಿಯ ತಲೆ ಸವರಿದರು. "ಇನ್ನೊಂದು. ಸಜ್ಜಿಗೆಗೆ ದ್ರಾಕ್ಷಿ ಹಾಕ್ತೀರೇನೋ. ನಾಯಿಗೆ ಅದು ವಿಷ ಇದ್ದಂಗೆ ಕಣ್ರಮ್ಮ, ಮೂತ್ರಪಿಂಡ ಹೋಯ್ತದೆ. ನಿಮ್ಮ ಕೈಯಾರೆ ಯಾಕೆ?"

ಅತ್ತೆ ನನ್ನ ಕಡೆ ನೋಡಿದರು, ನಾನು ಹೇಳಿಕೊಟ್ಟು ಕರೆಸಿದ್ದೇನೋ ಅನ್ನುವ ಹಾಗೆ. ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಮರುದಿನ ಬೆಳಿಗ್ಗೆ ದೇವರ ಮುಂದೆ ಎಂದಿನ ಬೆಳ್ಳಿ ಬಟ್ಟಲಿನ ಪಕ್ಕ ಇನ್ನೊಂದು ಪುಟ್ಟ ತಟ್ಟೆ ಇತ್ತು. ಅದರಲ್ಲಿ ಹೆಚ್ಚಿದ ಸೌತೆಕಾಯಿ. ಉಪ್ಪಿಲ್ಲ, ಒಗ್ಗರಣೆಯಿಲ್ಲ. ಅಂದಿನಿಂದ ನಮ್ಮ ಮನೆಯ ದೇವರು ದಿನಾ ಸೌತೆಕಾಯಿ ತಿಂದರು, ಟಾಫಿಗೆ ಅದೇ ಪ್ರಸಾದ. ಸೌತೆಕಾಯಿ ಇಲ್ಲದ ದಿನ ಹುರುಳಿಕಾಯಿ. ಅವನಿಗೆ ಭಕ್ತಿಯಲ್ಲಿ ಏನೂ ಕಡಿಮೆಯಾಗಲಿಲ್ಲ, ಅದೇ ಜೋಡಿಸಿದ ಮುಂಗಾಲು. ಆಮೇಲಿನ ಶುಕ್ರವಾರಗಳಲ್ಲಿ ಏಳನೇ ಹಲಗೆಯ ಮೇಲಿನ ಅಂಕಿ ಇಳಿಯತೊಡಗಿತು. ಕೀಲಿನ ಮಾತ್ರೆಯನ್ನೂ ಅತ್ತೆಯೇ ಸೌತೆಕಾಯಿಯ ತುಂಡಿನೊಳಗೆ ಒತ್ತಿ ಕೊಡತೊಡಗಿದರು. ಮೀನೆಣ್ಣೆ ಮಾತ್ರ ಹಿತ್ತಿಲ ಗೂಡಿನಲ್ಲೇ, ನನ್ನ ಪಾಲಿನ ಕೆಲಸ.

ನಲವತ್ತೊಂದು ಬಂದ ದಿನ ಅವರು ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡು, "ನಿಮ್ಮ ಕೈ ಅಳತೆ ಸರಿಯಾಗಿ ಅದೆ ತಾಯಿ. ಈ ನಾಯಿ ಪುಣ್ಯ ಮಾಡ್ಯದೆ" ಅಂದರು.

ಹೊಗಳಿಕೆ ಬಂದಾಗಲೇ ನನಗೆ ತಡೆಯಲಾಗಲಿಲ್ಲ. ಸ್ಕೂಲಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ತಿಂಗಳಿಗೊಮ್ಮೆ ಪಾದ್ರಿಯ ಹತ್ತಿರ ತಪ್ಪು ಒಪ್ಪಿಕೊಳ್ಳಲು, ಕನ್ಫೆಷನ್ನಿಗೆ ಹೋಗಿ ಬರುತ್ತಿದ್ದರು. ನಾವು ಉಳಿದವರು ಗ್ರೌಂಡಿನಲ್ಲಿ ಕೂತು ಅವರ ಮುಖ ನೋಡುತ್ತಿದ್ದೆವು, ಬಂದ ಮೇಲೆ ಏನಾದರೂ ಬೇರೆಯಾಗಿದೆಯಾ ಅಂತ. ಹಿಂಡಿಯ ವಾಸನೆಯ ಆ ಅಂಗಡಿಯಲ್ಲಿ, ಬೇರೆ ಗಿರಾಕಿ ಇಲ್ಲದ ಹೊತ್ತಿನಲ್ಲಿ, ನಾನು ಹೇಳಿದೆ. ಡಾಕ್ಟರ ಕೋಣೆಯ ಗೋಡೆಯ ಮೇಲೆ ಓದಿದ್ದೆ, ದೊಡ್ಡ ಜಾತಿಯ ಮರಿಗಳಿಗೆ ಕ್ಯಾಲ್ಸಿಯಂ ಜಾಸ್ತಿ ಕೊಟ್ಟರೆ ಮೂಳೆ ಕೆಡುತ್ತದೆ ಅಂತ. ನಾನು ತಿಂಗಳುಗಟ್ಟಲೆ ತುಳುಕಿಸಿ ಕೊಟ್ಟಿದ್ದೇನೆ, ಡಾಕ್ಟರಿಗೂ ಹೇಳಿಲ್ಲ, ಮನೆಯವರಿಗೂ ಹೇಳಿಲ್ಲ. ಇವನ ಕಾಲು ಮುರಿದವಳು ನಾನೇ ಅಂದೆ.

ಅವರು ಚೀಲದ ಬಾಯಿ ಸುತ್ತುತ್ತಾ ಪೂರ್ತಿ ಕೇಳಿದರು. "ಅಂಗಲ್ಲ ತಾಯಿ. ಸೊಂಟ ಅನ್ನೋದು ಹುಟ್ಟಿನಿಂದ ಬರೋದು. ಇವನ ಅಪ್ಪನಿಗೋ ಅವ್ವನಿಗೋ ಇರ್ತದೆ. ಕ್ಯಾಲ್ಸಿಯಂ ಅದನ್ನ ಹುಟ್ಟಿಸಲಿಲ್ಲ. ಒಸಿ ಜಾಸ್ತಿ ಮಾಡಿರಬೌದು, ಮಾಡದೇನೂ ಇರಬೌದು, ಅದನ್ನ ಡಾಕ್ಟರಮ್ಮನ್ನೇ ಕೇಳಿ. ನೀವು ಒಳ್ಳೇದಾಗ್ಲಿ ಅಂತ ಕೊಟ್ಟಿದ್ದು. ಅದನ್ನ ಹೊತ್ಕಂಡು ತಿರುಗಬೇಡಿ." ಆಮೇಲೆ ಸುಮ್ಮನೆ ಮಾತಿಗೆ ಅನ್ನುವಂತೆ, "ಎಲ್ಲಿ ತಗಂಡ್ರಿ ಅದನ್ನ?" ಅಂದರು.

"ನಿಮ್ಮಲ್ಲೇ" ಅಂದೆ.

ಅವರ ಕೈ ಚೀಲದ ಬಾಯಿಯ ಮೇಲೆ ನಿಂತಿತು. ನಾನು ಆಗಲೇ ಏನಾದರೂ ಹೇಳಬೇಕಿತ್ತು... ಅಷ್ಟರಲ್ಲಿ ಯಾರೋ ಹುರುಳಿ ಕೇಳಿಕೊಂಡು ಬಂದರು. ಅವರು ಎದ್ದು ತೂಗಲು ಹೋದರು. ನಾನು ಹಗುರವಾಗಿ ಮನೆಗೆ ಬಂದೆ. ನಿಜಕ್ಕೂ ಹಗುರವಾಗಿತ್ತು. ಮರುವಾರ ಡಾಕ್ಟರನ್ನೂ ಕೇಳಿದೆ, ಅವರೂ ಹೆಚ್ಚುಕಡಿಮೆ ಅದೇ ಮಾತು ಹೇಳಿದರು. ಆ ರಾತ್ರಿ ಯಜಮಾನರಿಗೂ ಹೇಳಿದೆ. "ಅಷ್ಟೇನಾ? ನಾನೇನೋ ಅಂದುಕೊಂಡಿದ್ದೆ" ಅಂದರು.

ಮುಂದಿನ ಶುಕ್ರವಾರ ಅಂಗಡಿಯ ಮುಂದೆ ಒಂದು ಕಪ್ಪು ಹಲಗೆ ನೇತುಹಾಕಿತ್ತು. ಅವರದೇ ದಪ್ಪ ಅಕ್ಷರ. 'ನಾಯಿಮರಿಗೆ ಕ್ಯಾಲ್ಸಿಯಂ ಕೇಳಬೇಡಿ. ಡಾಕ್ಟರ್ ಚೀಟಿ ತನ್ನಿ.' ಹೊಸ ಕಾನೂನು ಬಂದಿರಬೇಕು ಅಂದುಕೊಂಡೆ. ಒಬ್ಬ ದೊಡ್ಡ ಕಾರಿನವರು ಬಂದು ಕೇಳಿದರು. ಅಂಗಡಿಯವರು, "ಯಾವ ಜಾತಿ? ಎಷ್ಟು ತಿಂಗಳು?" ಅಂದರು. ಕಾರಿನವರು, "ಮಾರೋಕೆ ಕೂತಿದ್ದೀರೋ ಜಾತಕ ಬರೆಯೋಕೆ ಕೂತಿದ್ದೀರೋ?" ಅಂದರು. "ಜಾತಕ ಇಲ್ದೆ ಕೊಡಾಕಿಲ್ಲ ಸ್ವಾಮಿ" ಅಂದರು ಇವರು. ನಾನು ನಕ್ಕೆ. ಅವರು ನಗಲಿಲ್ಲ ಅನ್ನುವುದು ಈಗ ನೆನಪಾಗುತ್ತದೆ.

ಮೂರು ತಿಂಗಳು ಮುಗಿಯಲು ನಾಲ್ಕು ದಿನ ಇತ್ತು. ತೂಕ ಮೂವತ್ತೆಂಟು. ಬೆಳಗಿನ ನಡಿಗೆ ಮುಗಿಸಿ ಬಂದೆವು. ನಾನು ಗೇಟಿನ ಚಿಲಕ ಹಾಕುತ್ತಿದ್ದೆ, ಯಜಮಾನರು ಬೆಡ್‌ಶೀಟ್ ತರಲು ಒಳಗೆ ಹೋಗಿದ್ದರು. ತಿರುಗಿ ನೋಡಿದರೆ ಟಾಫಿ ಎರಡನೇ ಮೆಟ್ಟಿಲಿನ ಮೇಲಿದ್ದ. ಮೂರನೆಯದಕ್ಕೆ ಮುಂಗಾಲಿಟ್ಟ. ನಿಂತ. ಎಡಗಾಲು ಎಳೆದುಕೊಂಡ. ನಾಲ್ಕು. ಐದು. ಜಗಲಿಯ ಮೇಲೆ ನಿಂತು, ಎಲ್ಲಿದೆ ನನ್ನ ಸೌತೆಕಾಯಿ ಅನ್ನುವಂತೆ ಒಳಗೆ ನೋಡಿದ. ಬೆಡ್‌ಶೀಟ್ ಹಿಡಿದು ಬಂದ ಯಜಮಾನರು ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಅದನ್ನು ನಿಧಾನವಾಗಿ ಮಡಿಸಿದರು. ಅಂಚಿಗೆ ಅಂಚು ಸೇರಿಸಿ, ನಾಲ್ಕು ಮಡಿಕೆ. ಆ ಇಂಗ್ಲಿಷ್ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಅವನು ಪೂರ್ತಿ ಗುಣವಾದ ಅಂತಲ್ಲ. ಗುಣವಾಗುವ ಕಾಯಿಲೆ ಅಲ್ಲ ಅದು. ಮಳೆಗಾಲ, ಚಳಿಗಾಲ ಬಂದರೆ ಕುಂಟುತ್ತಿದ್ದ, ಕೆಲವು ದಿನ ನೋವಿನ ಗುಳಿಗೆ ಬೇಕಾಗುತ್ತಿತ್ತು. ಮಾತ್ರೆಯಿಂದ ಎಷ್ಟಾಯಿತು, ತೂಕ ಇಳಿದದ್ದರಿಂದ ಎಷ್ಟಾಯಿತು ಅಂತ ಬಿಡಿಸಿ ಹೇಳಲು ಡಾಕ್ಟರಿಗೂ ಆಗಲಿಲ್ಲ. ಆಪರೇಷನ್ ಬೇಕಾಗಲಿಲ್ಲ. ಮೂವತ್ತೈದರ ಆಸುಪಾಸಿನಲ್ಲಿ ಹನ್ನೊಂದು ವರ್ಷ ತುಂಬುವವರೆಗೆ ಬದುಕಿದ. ಅತ್ತೆ ತೀರಿಕೊಂಡ ವರ್ಷವೇ, ಅವರು ಹೋದ ಐದು ತಿಂಗಳಿಗೆ, ಹೊಸಿಲ ಈಚೆ ಮಲಗಿದವನು ಏಳಲಿಲ್ಲ. ಸುದ್ದಿ ಹೇಳಲು ಅಂಗಡಿಗೆ ಹೋದಾಗ ಬೂಸಾ ಅಂಗಡಿಯವರು ಏಳನೇ ಹಲಗೆಯನ್ನು ತಿರುಗಿಸಿ ನೋಡಿದರು. ಎಷ್ಟೋ ವರ್ಷದ ಅಂಕಿಗಳು, ಒಂದರ ಮೇಲೊಂದು. ಅವರು ಒರೆಸಲಿಲ್ಲ. "ಎಡಗಾಲು ಕೊನೇಲಿ ಎಂಗಿತ್ತು?" ಅಂತ ಮಾತ್ರ ಕೇಳಿದರು. ಪರವಾಗಿರಲಿಲ್ಲ ಅಂದೆ.

ಎರಡು ವರ್ಷದ ಹಿಂದೆ ಅವರೂ ಹೋದರು. ಹಾರ್ಟು ಅಂದರು. ನಾನು ವಿಜಯನಗರದ ತಂಗಿಯ ಮನೆಯಲ್ಲಿದ್ದೆ, ತಿಳಿದದ್ದು ತಡವಾಗಿ. ಅಂಗಡಿಯ ಹಿಂದೆಯೇ ಅವರ ಮನೆ. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿದರು. ನಾನು ಯಾರು ಅಂತ ಹೇಳಹೊರಟೆ. "ಗೊತ್ತು ಕಣವ್ವ, ಸೊಂಟದ ನಾಯಿ ಮನೆಯವರು" ಅಂದರು.

ಕಾಫಿ ಕೊಟ್ಟು ಅವರಾಗಿಯೇ ಹೇಳಿದರು. "ಒಂದಿನ ಬಂದವರೇ ಊಟಾನೇ ಮಾಡ್ನಿಲ್ಲ. ಏನು ಅಂದೆ. ನನ್ನ ಕೈಯಾರೆ ಒಂದು ನಾಯಿನ ಕುಂಟು ಮಾಡ್ಬುಟ್ಟೆ ಕಣೆ, ತಿರುಗಿ ಯಾರಿಗೆ ಅಂತಾನೂ ಕೇಳ್ನಿಲ್ಲ ಅಂದ್ರು. ಆವತ್ತಿಂದ ಕೇಳ್ದೆ ಒಂದು ಸೀಸೆ ಕೊಟ್ಟೋರಲ್ಲ. ಗಿರಾಕಿಗಳು ಬೈಕಂಡು ಹೋಗೋರು. ಹೋಗ್ಲಿ ಬುಡು ಅನ್ನೋರು. ಕೊನೆಗಂಟ ಅಂಗೇಯ."

ನಾನು ಕಾಫಿ ಲೋಟ ಹಿಡಿದುಕೊಂಡು ಕೂತಿದ್ದೆ. ಹುಟ್ಟಿನಿಂದ ಬರೋದು, ಹೊತ್ಕಂಡು ತಿರುಗಬೇಡಿ ಅಂತ ನನಗೆ ಹೇಳಿದವರು ಅವರು. ಅದೇ ಮಾತನ್ನು ಅವರಿಗೆ ಹೇಳಬೇಕಿದ್ದವಳು ನಾನು. ಎಂಟೊಂಬತ್ತು ವರ್ಷ, ಹದಿನೈದು ದಿನಕ್ಕೊಮ್ಮೆ ಆ ತಕ್ಕಡಿಯ ಪಕ್ಕ ನಿಂತಿದ್ದೇನೆ. ಹೇಳಲು ಎಷ್ಟು ಶುಕ್ರವಾರಗಳಿದ್ದವು... ನನಗೆ ಹಗುರವಾಗಿತ್ತಲ್ಲ, ಭಾರ ಎಲ್ಲಿಗೆ ಹೋಯಿತು ಅಂತ ನಾನು ನೋಡಲಿಲ್ಲ. ಅವರ ಹೆಂಡತಿಗೆ ಹೇಳಿದೆ, ಅದು ಅವರ ತಪ್ಪಲ್ಲ, ಡಾಕ್ಟರೂ ಹಾಗೇ ಅಂದರು ಅಂತ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಅಂಗಾ?" ಅಂದರು. "ಅವರಿಗೆ ಹೇಳಿದ್ರೆ ಚೆಂದಾಗಿರೋದು."

ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲು ರಿಪೇರಿ. ಗಾಜಿನ ಬಾಗಿಲು. ಹಲಗೆಗಳು ಏನಾದವೋ ಗೊತ್ತಿಲ್ಲ.

ಕಳೆದ ವಾರ ಮೆಡಿಕಲ್ ಸ್ಟೋರಿನ ಹುಡುಗಿ ಚೀಟಿ ನೋಡಿ ಮಾತ್ರೆ, ಕ್ಯಾಪ್ಸೂಲು ಕವರಿಗೆ ಹಾಕಿ ಕೊಟ್ಟಳು. ನಾನು ಒಂದು ನಿಮಿಷ ಹಾಗೇ ನಿಂತಿದ್ದೆ. ಇನ್ನೇನಾದರೂ ಬೇಕಾ ಆಂಟಿ ಅಂದಳು. ಏನಿಲ್ಲಮ್ಮ ಅಂದು ಬಂದೆ. ಡಾಕ್ಟರು ನನಗೂ ಆರು ಕೆಜಿ ಇಳಿಸಲು ಹೇಳಿದ್ದಾರೆ. ಎಂಟು ವಾರ ಕಾಯಬೇಕು ಅನ್ನುವುದು ನನಗೆ ಗೊತ್ತಿದೆ. ಮೀನೆಣ್ಣೆಯ ಡಬ್ಬಿಯನ್ನು ಈಗ ಬೇಡ ಅನ್ನುವವರು ಯಾರೂ ಇಲ್ಲ, ಆದರೂ ಹಿತ್ತಿಲ ಗೂಡಿನಲ್ಲೇ ಇಟ್ಟಿದ್ದೇನೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದೇ ಒಂದು ಗೋಣಿಚೀಲ ಉಳಿದಿದೆ, ಬಚ್ಚಲ ಬಾಗಿಲಿಗೆ. ಅಂಚು ಪೂರ್ತಿ ಬಿಚ್ಚಿಕೊಂಡಿದೆ. ಕೆಲಸದವಳು ಎಸೆಯೋಣವಾ ಅಂತ ಕೇಳುತ್ತಿರುತ್ತಾಳೆ. ನೆಲ ಜಾರುತ್ತೆ, ಇರಲಿ ಅನ್ನುತ್ತೇನೆ.